ಹಳೇ ಕಾರಿನ ಮೇಲೆ ಮುದ್ದು ಸರಿ, ಬ್ರೇಕ್ ಆಯಿಲ್ ಯಾವುದು?

ನಿಮ್ಮ ಮನೆಯಲ್ಲೂ ಒಂದು ಹಳೇ ಕಾರು ಇದೆಯೇ? ಮಾರೋಣ ಅಂದರೆ ಮನಸ್ಸಿಲ್ಲ, ಓಡಿಸೋಣ ಅಂದರೆ ಧೈರ್ಯವಿಲ್ಲ ಅನ್ನುವಂಥದ್ದು? ಭಾನುವಾರ ಬಂತೆಂದರೆ ಮನೆಯ ಗಂಡಸರು ಹಳೇ ಬನಿಯನ್ನು ತೊಟ್ಟು ಅದರ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತುಬಿಡುತ್ತಾರೆಯೇ? ಮೂರು ಸಲ ಕರೆದರೂ ತಿಂಡಿಗೆ ಬಾರದೆ, ಕೊನೆಗೆ ಗ್ರೀಸ್ ಮೆತ್ತಿದ ಕೈಯಲ್ಲೇ ದೋಸೆಗೆ ಕೈ ಹಾಕುತ್ತಾರೆಯೇ? ಹಾಗಿದ್ದರೆ ಈ ಲೇಖನ ನಿಮಗಾಗಿ. ಇಲ್ಲದಿದ್ದರೂ ಓದಿ. ಯಾಕೆಂದರೆ ಇಲ್ಲಿ ಹೇಳಹೊರಟಿರುವ ವಿಷಯ, ನೀವು ಮಕ್ಕಳನ್ನು ಶಾಲೆಗೆ ಬಿಡುವ ಸ್ಕೂಟರಿಗೂ ಅನ್ವಯಿಸುತ್ತದೆ.

ನಮ್ಮ ಮನೆಯ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. ಎರಡೇ ಬಾಗಿಲಿನದು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ನಮ್ಮ ದೇಶದಲ್ಲಿ ತಯಾರಿಸುತ್ತಿತ್ತು. ನಮ್ಮ ಮಾವನವರು ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು 1974ರಲ್ಲಿ, ಮದುವೆಯಾದ ವರ್ಷ. ಅತ್ತೆಯನ್ನು ಮನೆ ತುಂಬಿಸಿಕೊಂಡದ್ದು ಅದರಲ್ಲೇ, ನಮ್ಮವರನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದೂ ಅದರಲ್ಲೇ. ಹಾಗಾಗಿ "ಮಾರೋಣ" ಎಂಬ ಮಾತು ನಮ್ಮನೆಯಲ್ಲಿ ನಿಷಿದ್ಧ.

ಮಾವನವರಿಗೆ ಇನ್ನೊಂದು ಹೆಮ್ಮೆಯೂ ಇದೆ. ಇದೇ ಹೆರಾಲ್ಡಿನ ಚಾಸಿಯನ್ನು ಮೋಟು ಮಾಡಿ, ಅದರ ಮೇಲೆ ಚಂದದ ಬಾಡಿ ಕೂರಿಸಿ ಟ್ರಯಂಫ್‌ನವರು 1962ರಲ್ಲಿ ಹೊರತಂದದ್ದು 'ಸ್ಪಿಟ್‌ಫೈರ್' ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎರಡರ ರೂಪ ಬರೆದದ್ದೂ ಮಿಕೆಲೊಟ್ಟಿ ಎಂಬ ಇಟಲಿಯ ಒಬ್ಬನೇ ಕಲಾವಿದ. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವುದರೊಳಗೆ ಮಾವನವರು ಹೇಳಿಯೇ ಹೇಳುತ್ತಾರೆ: "ಇದು ಸುಮ್ನೆ ಕಾರಲ್ಲ, ಸ್ಪೋರ್ಟ್ಸ್ ಕಾರಿನ ಅಕ್ಕ!"

ಅಕ್ಕ ಸರಿ. ಆದರೆ ಈ ಅಕ್ಕ ಒಂದು ದಿನ ನಮ್ಮೆಲ್ಲರ ಜೀವವನ್ನು ಬಾಯಿಗೆ ತಂದಳು.

ಬೆಟ್ಟದಿಂದ ಇಳಿಯುವಾಗ

ಅದು ಕಾರ್ತೀಕ ಮಾಸದ ಒಂದು ಭಾನುವಾರ. ಚಾಮುಂಡಿ ಬೆಟ್ಟಕ್ಕೆ ಹೋಗಿ ಬರೋಣ, ಕಾರಿಗೂ ಸ್ವಲ್ಪ ಓಡಾಟ ಆಗುತ್ತೆ ಅಂತ ಎಲ್ಲರೂ ಹೊರಟೆವು. ನಮ್ಮವರು ಓಡಿಸುತ್ತಿದ್ದರು, ಮುಂದೆ ಮಾವನವರು. ಹಿಂದೆ ನಾನು, ಅತ್ತೆ, ಮಧ್ಯದಲ್ಲಿ ಮಗಳು. ಹತ್ತುವಾಗ ಅಕ್ಕ ಏದುಸಿರು ಬಿಟ್ಟರೂ ಹತ್ತಿದಳು. ದರ್ಶನವಾಯಿತು, ಪ್ರಸಾದವಾಯಿತು. ಇಳಿಯುವಾಗ ನೋಡಿ, ನಂದಿಗೆ ಹೋಗುವ ದಾರಿ ಇನ್ನೇನು ಬರಬೇಕು ಅನ್ನುವಷ್ಟರಲ್ಲಿ ನಮ್ಮವರ ಮುಖ ಬಿಳಿಚಿಕೊಂಡಿತು. "ಅಪ್ಪಾ, ಪೆಡಲ್ ಒಳಗೆ ಹೋಗ್ತಾ ಇದೆ, ಹಿಡೀತಾ ಇಲ್ಲ" ಅಂದರು.

ನೀರು ತುಂಬಿದ ಬಲೂನನ್ನು ತುಳಿದ ಹಾಗಾಗುತ್ತಿತ್ತಂತೆ. ಎದುರಿಗೆ ತಿರುವು, ಪಕ್ಕದಲ್ಲಿ ಕಣಿವೆ. ಅತ್ತೆ ಮಗಳನ್ನು ಅಪ್ಪಿಕೊಂಡು "ತಾಯೀ ಚಾಮುಂಡೀ" ಅಂದದ್ದಷ್ಟೇ ನನಗೆ ನೆನಪು. ಮಾವನವರು ಮಾತ್ರ ಗಾಬರಿಯಾಗಲಿಲ್ಲ. "ಸೆಕೆಂಡ್ ಗೇರ್‌ಗೆ ಹಾಕೋ. ಪೆಡಲ್ ಬಿಟ್ಟು ಬಿಟ್ಟು ಒತ್ತು" ಅಂತ ಹೇಳಿ, ತಾವೇ ಕೈ ಚಾಚಿ ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆಯತೊಡಗಿದರು. ಇಂಜಿನ್ ಗೊರಗೊರ ಅಂತ ಕೂಗಿಕೊಂಡಿತು. ಕಾರು ಬೆಟ್ಟದ ಕಡೆಯ ಪಕ್ಕಕ್ಕೆ ಸರಿದು, ಒಂದು ಮಣ್ಣಿನ ದಿಬ್ಬಕ್ಕೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹತ್ತು ನಿಮಿಷ ಯಾರಿಗೂ ಮಾತೇ ಹೊರಡಲಿಲ್ಲ.

ವಿಚಿತ್ರ ಏನು ಗೊತ್ತಾ? ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿ! ಎಲ್ಲೂ ಸೋರಿಲ್ಲ, ಯಾವ ಪೈಪೂ ಒಡೆದಿಲ್ಲ. "ನೀನೇ ಸರಿಯಾಗಿ ಒತ್ತಿರಲಿಕ್ಕಿಲ್ಲ ಬಿಡು" ಅಂದರು ಮಾವನವರು. ಅಪ್ಪ-ಮಗನಿಗೆ ಅಲ್ಲೇ ಮಾತಿಗೆ ಮಾತು ಬೆಳೆಯಿತು. ನಾನು ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಕಾರಣ ತಿಳಿಯುವವರೆಗೆ ಮಗಳನ್ನು ಆ ಕಾರಿನಲ್ಲಿ ಕೂರಿಸುವುದಿಲ್ಲ ಅಂತ ಅಂದೇ ಹೇಳಿಬಿಟ್ಟೆ.

ಪೆಡಲ್ ಯಾಕೆ ಕೈಕೊಟ್ಟಿತು?

ಮರುದಿನ ಬಂದ ಮೆಕ್ಯಾನಿಕ್ ಭಾಯ್ ಬಾನೆಟ್ ಎತ್ತಿ (ಹೆರಾಲ್ಡಿನಲ್ಲಿ ಮುಂದಿನ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ), ಬ್ರೇಕ್ ಆಯಿಲಿನ ಪುಟ್ಟ ಡಬ್ಬಿಯ ಮುಚ್ಚಳ ತೆಗೆದರು. ಸಿರಿಂಜಿನಲ್ಲಿ ಸ್ವಲ್ಪ ಎಳೆದು ಗಾಜಿನ ಲೋಟಕ್ಕೆ ಬಿಟ್ಟರು. ನಾನು ದಿನಾ ಬೆಳಿಗ್ಗೆ ಇಳಿಸುವ ಡಿಕಾಕ್ಷನ್ ತರಹವೇ ಇತ್ತು! "ಮೇಡಂ, ಹೊಸ ಆಯಿಲ್ ತೆಳ್ಳಗೆ ಜೇನುತುಪ್ಪದ ಬಣ್ಣ ಇರುತ್ತೆ. ಇದನ್ನ ಯಾವಾಗ ಬದಲಾಯಿಸಿದ್ದು?" ಅಂದರು. ಎಲ್ಲರೂ ಮಾವನವರ ಮುಖ ನೋಡಿದೆವು. ಅವರು ಕನ್ನಡಕ ಒರೆಸಿಕೊಳ್ಳುತ್ತಾ "ಎಂಟು ವರ್ಷ ಆಗಿರಬಹುದು. ಕಾರು ಓಡೋದೇ ಇಲ್ವಲ್ಲ, ಯಾಕೆ ಬದಲಾಯಿಸ್ಬೇಕು?" ಅಂದರು.

ಇಲ್ಲೇ ಇರುವುದು ಗುಟ್ಟು. ಇಂಜಿನ್ ಆಯಿಲ್ ಓಡಿದಷ್ಟೂ ಕೆಡುತ್ತದೆ. ಬ್ರೇಕ್ ಆಯಿಲ್ ನಿಂತಲ್ಲೇ ಕೆಡುತ್ತದೆ.

ನಮ್ಮ ಅಡುಗೆಮನೆಯನ್ನೇ ನೋಡಿ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಏನಾಗುತ್ತೆ? ಉಪ್ಪು ಗಾಳಿಯ ತೇವ ಹೀರಿ ನೀರಾಗುತ್ತದೆ. ಸಾಮಾನ್ಯವಾಗಿ ಸಿಗುವ ಬ್ರೇಕ್ ಆಯಿಲಿನ ಗುಣವೂ ಅದೇ. ರಬ್ಬರ್ ಪೈಪಿನ ಮೂಲಕ, ಮುಚ್ಚಳದ ಸಣ್ಣ ರಂಧ್ರದ ಮೂಲಕ ಅದು ವರ್ಷಗಟ್ಟಲೆ ತೇವವನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಕಾರು ಓಡಲಿ, ಓಡದಿರಲಿ.

ಈಗ ಇನ್ನೊಂದು ವಿಷಯ. ನೀವು ಪೆಡಲ್ ಒತ್ತಿದಾಗ ಆ ಒತ್ತಡವನ್ನು ನಾಲ್ಕು ಚಕ್ರಗಳಿಗೆ ತಲುಪಿಸುವುದು ಈ ದ್ರವವೇ. ದ್ರವವನ್ನು ಅಮುಕಲು ಆಗುವುದಿಲ್ಲ, ಹಾಗಾಗಿ ಈ ಕಡೆ ಒತ್ತಿದ್ದು ಆ ಕಡೆಗೆ ಹಾಗೇ ಮುಟ್ಟುತ್ತದೆ. ಆದರೆ ಆವಿಯನ್ನು ಅಮುಕಬಹುದು. ಬೆಟ್ಟ ಇಳಿಯುವಾಗ ಒಂದೇ ಸಮ ಬ್ರೇಕ್ ಒತ್ತಿಕೊಂಡೇ ಬಂದರೆ ಚಕ್ರದ ಬಳಿ ಕೆಂಡದಂಥ ಬಿಸಿ ಹುಟ್ಟುತ್ತದೆ. ಆ ಬಿಸಿ ದ್ರವಕ್ಕೂ ತಾಗುತ್ತದೆ. ಶುದ್ಧ ದ್ರವ ತಡೆದುಕೊಳ್ಳುತ್ತದೆ, ನೀರು ಸೇರಿದ ದ್ರವ ಬೇಗ ಕುದಿಯುತ್ತದೆ. ಕುದಿದಾಗ ಒಳಗೆ ಆವಿಯ ಗುಳ್ಳೆಗಳು. ನೀವು ಒತ್ತಿದ್ದೆಲ್ಲಾ ಆ ಗುಳ್ಳೆಗಳನ್ನು ಅಮುಕುವುದಕ್ಕೇ ಸರಿಹೋಗುತ್ತದೆ, ಚಕ್ರಕ್ಕೆ ಮುಟ್ಟುವುದೇ ಇಲ್ಲ! ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ಏನೂ ಆಗೇ ಇಲ್ಲವೆಂಬಂತೆ.

ನಮ್ಮ ಹೆರಾಲ್ಡಿನಂಥ ಕಾರುಗಳಲ್ಲಿ ಇನ್ನೊಂದು ಅಪಾಯವಿದೆ. ಈಗಿನ ಕಾರುಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ, ಒಂದು ಕೈಕೊಟ್ಟರೂ ಇನ್ನೊಂದು ಹಿಡಿಯುತ್ತದೆ. ಆ ಕಾಲದ ಬಹುಪಾಲು ಕಾರುಗಳಲ್ಲಿ ನಾಲ್ಕು ಚಕ್ರಕ್ಕೂ ಸೇರಿ ಒಂದೇ ದಾರಿ. ಅದು ಹೋದರೆ ಉಳಿಯುವುದು ಹ್ಯಾಂಡ್ ಬ್ರೇಕ್ ಮತ್ತು ದೇವರು.

ನಮ್ಮವರ ತಪ್ಪೂ ಇತ್ತು ಅನ್ನಿ. ಆಫೀಸಿಗೆ ಹೊಸ ಕಾರು ಓಡಿಸಿ ಅಭ್ಯಾಸ, ಟಾಪ್ ಗೇರಿನಲ್ಲೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಇಳಿದಿದ್ದರು. ಬೆಟ್ಟ ಹತ್ತಿದ ಗೇರಿನಲ್ಲೇ ಬೆಟ್ಟ ಇಳಿಯಬೇಕು ಎಂಬುದು ಹಳಬರ ಮಾತು. ಹಾಗಾಗಿ ತಪ್ಪು ಅಪ್ಪನದೂ ಹೌದು, ಮಗನದೂ ಹೌದು. ಇಬ್ಬರಿಗೂ ಸಮಾಧಾನವಾಯಿತು!

ಹೆಸರಿಗೆ ಆಯಿಲ್, ಎಣ್ಣೆಯಲ್ಲ!

ಹೊಸ ಆಯಿಲ್ ಹಾಕಬೇಕು ಸರಿ, ಯಾವುದನ್ನು? ಅಂಗಡಿಗೆ ಹೋದ ನಮ್ಮವರು ಬರಿಗೈಲಿ ಬಂದರು. ಡಾಟ್ 3 ಅಂತೆ, ಡಾಟ್ 4 ಅಂತೆ, ಡಾಟ್ 5 ಅಂತೆ. ಅಮೆರಿಕದಲ್ಲಿರುವ ಮೈದುನ ಫೋನಿನಲ್ಲಿ "ಸಿಲಿಕೋನ್ ಹಾಕ್ಸಿ ಅತ್ತಿಗೆ, ನೀರೇ ಹೀರಲ್ಲ" ಅಂದ. ಮಾವನವರು "ನಮ್ಮ ಕಾರಿಗೆ ಗರ್ಲಿಂಗ್ ಬಿಟ್ಟು ಬೇರೆ ಹಾಕಕೂಡದು ಅಂತ ಪುಸ್ತಕದಲ್ಲೇ ಇದೆ" ಅಂದರು. ಎದುರು ಮನೆಯವರು "ಯಾವುದಾದ್ರೇನು, ಎಲ್ಲಾ ಎಣ್ಣೆನೇ ತಾನೇ?" ಅಂದರು. ನಾಲ್ಕು ಜನ, ನಾಲ್ಕು ಮಾತು. ರೇಷನ್ ಪ್ಯಾಕೆಟ್ಟಿನ ಹಿಂದಿನ ಸಣ್ಣ ಅಕ್ಷರ ಓದುವುದು ನಮಗೆ ಹೊಸದೇ? ಕೊನೆಗೆ ನಾನೇ ಕೂತು ಓದಿದೆ, ಭಾಯ್ ಅವರನ್ನೂ ಕೇಳಿದೆ. ನನಗೆ ಅರ್ಥವಾದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲನೆಯದಾಗಿ, ಬ್ರೇಕ್ ಆಯಿಲ್ ಎಣ್ಣೆಯೇ ಅಲ್ಲ. ಬಹಳ ಹಿಂದೆ ಹೈಡ್ರಾಲಿಕ್ ಬ್ರೇಕುಗಳು ಬಂದ ಹೊಸದರಲ್ಲಿ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿ ಹಾಕುತ್ತಿದ್ದರಂತೆ! ಹಾಗಾಗಿ ಆಯಿಲ್ ಎಂಬ ಹೆಸರು ಒಪ್ಪುತ್ತಿತ್ತು. ಈಗ ಬರುವುದು ಗ್ಲೈಕಾಲ್ ಜಾತಿಯ ರಾಸಾಯನಿಕ, ನೀರಿನಲ್ಲಿ ಕರಗುವಂಥದ್ದು. ಇದರ ಜಾಗಕ್ಕೆ ಅಪ್ಪಿತಪ್ಪಿಯೂ ಇಂಜಿನ್ ಆಯಿಲ್ ಹಾಕಬಾರದು. ಪೆಟ್ರೋಲ್, ಸೀಮೆಎಣ್ಣೆಯಿಂದ ಬ್ರೇಕಿನ ಒಳಭಾಗಗಳನ್ನು ತೊಳೆಯಲೂಬಾರದು. ಬ್ರೇಕಿನೊಳಗೆ ಕುಕ್ಕರಿನ ಗ್ಯಾಸ್ಕೆಟ್ಟಿನಂಥ ಪುಟ್ಟ ಪುಟ್ಟ ರಬ್ಬರ್ ಸೀಲುಗಳಿರುತ್ತವೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಅವು ನೆನೆಸಿದ ಕಡಲೆಯ ಹಾಗೆ ಊದಿಕೊಂಡು ಹಾಳಾಗುತ್ತವೆ.

ಡಾಟ್ ಎಂದರೆ ಬೇರೇನೂ ಅಲ್ಲ, ಅಮೆರಿಕದ ಸಾರಿಗೆ ಇಲಾಖೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಅವರು ಗೊತ್ತುಮಾಡಿದ ಗುಣಮಟ್ಟವನ್ನೇ ಜಗತ್ತೆಲ್ಲ ಬಳಸುತ್ತದೆ. ಮುಖ್ಯವಾಗಿ ನೋಡುವುದು, ಎಷ್ಟು ಬಿಸಿಯಲ್ಲಿ ಕುದಿಯುತ್ತದೆ ಎಂಬುದನ್ನು. ಅದರಲ್ಲೂ ಎರಡು ಲೆಕ್ಕ. ಸೀಲ್ ಒಡೆದ ಹೊಸದರಲ್ಲಿ ಎಷ್ಟು, ಶೇ 3.7ರಷ್ಟು ನೀರು ಸೇರಿದ ಮೇಲೆ ಎಷ್ಟು ಅಂತ.

ಡಾಟ್ 3: ಹೊಸದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ.

ಡಾಟ್ 4: ಹೊಸದರಲ್ಲಿ 230, ನೀರು ಸೇರಿದ ಮೇಲೆ 155.

ಡಾಟ್ 5.1: ಹೊಸದರಲ್ಲಿ 260, ನೀರು ಸೇರಿದ ಮೇಲೆ 180.

ಈ ಮೂರೂ ಒಂದೇ ಜಾತಿ, ಗ್ಲೈಕಾಲಿನವು. ನೋಡಲು ಬಣ್ಣವಿಲ್ಲದೆ ಅಥವಾ ಜೇನಿನ ಬಣ್ಣದಲ್ಲಿರುತ್ತವೆ. ಒಂದಕ್ಕೊಂದು ಬೆರೆತರೂ ಅನಾಹುತವಿಲ್ಲ. ಆದರೆ ಕಡಿಮೆ ದರ್ಜೆಯದು ಬೆರೆತಷ್ಟೂ ಹೆಚ್ಚಿನ ದರ್ಜೆಯ ಗುಣ ಇಳಿಯುತ್ತದೆ, ಒಳ್ಳೇ ತುಪ್ಪಕ್ಕೆ ಡಾಲ್ಡಾ ಬೆರೆಸಿದ ಹಾಗೆ.

ಡಾಟ್ 5: ಇದರ ಕುದಿಯುವ ಲೆಕ್ಕ ಡಾಟ್ 5.1ರದೇ ಆದರೂ ಜಾತಿಯೇ ಬೇರೆ. ಇದೇ ಮೈದುನ ಹೇಳಿದ ಸಿಲಿಕೋನ್. ಗುರುತಿಗೆಂದು ನೇರಳೆ ಬಣ್ಣ ಹಾಕಿರುತ್ತಾರೆ. ಐದು, ಐದು ಪಾಯಿಂಟ್ ಒಂದು ಅಂತ ಹೆಸರು ಹತ್ತಿರವಿದೆಯೆಂದು ಮೋಸ ಹೋಗಬೇಡಿ!

ಸಿಲಿಕೋನ್ ಯಾರಿಗೆ ಸರಿ?

ಸಿಲಿಕೋನಿನಲ್ಲಿ ಒಳ್ಳೆಯ ಗುಣಗಳಿವೆ. ಗಾಳಿಯ ತೇವ ಹೀರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಪೇಂಟ್ ಹಾಳು ಮಾಡುವುದಿಲ್ಲ. ಗ್ಲೈಕಾಲಿನ ಆಯಿಲ್ ಒಂದು ಹನಿ ಬಿದ್ದರೂ ಕಾರಿನ ಪೇಂಟನ್ನು ಕಿತ್ತು ತಿನ್ನುತ್ತದೆ. ನಮ್ಮ ಹೆರಾಲ್ಡಿನ ಬಾನೆಟ್ಟಿನೊಳಗೆ ಆಯಿಲ್ ಡಬ್ಬಿಯ ಕೆಳಗೆ ಅಂಗೈ ಅಗಲ ತುಕ್ಕು ಹಿಡಿದಿರುವುದು ಅದರಿಂದಲೇ. ಮಾವನವರ ಸ್ನೇಹಿತರೊಬ್ಬರ ಬಳಿ ಎಂ.ಜಿ. ಸ್ಪೋರ್ಟ್ಸ್ ಕಾರಿದೆ. ವರ್ಷಕ್ಕೆ ಎರಡು ಸಲ ರ‍್ಯಾಲಿಗೆ ತೆಗೆಯುವುದು ಬಿಟ್ಟರೆ ಮಿಕ್ಕಂತೆ ಮದುಮಗಳ ಹಾಗೆ ಬಟ್ಟೆ ಹೊದ್ದು ನಿಂತಿರುತ್ತದೆ. ಅವರು ಇಡೀ ಬ್ರೇಕನ್ನು ಬಿಚ್ಚಿಸಿ, ಎಲ್ಲಾ ಸೀಲು, ಪೈಪು ಹೊಸದು ಹಾಕಿಸಿ, ಒಳಗೆ ಹಳೇ ಆಯಿಲಿನ ಪಸೆಯೂ ಇಲ್ಲದಂತೆ ಒಣಗಿಸಿ ಸಿಲಿಕೋನ್ ತುಂಬಿಸಿದ್ದಾರೆ. ಅವರಿಗೆ ಅದು ಸರಿಯಾದ ಆಯ್ಕೆಯೇ.

ಆದರೆ ನಮಗೆ? ಹಳೇ ಗ್ಲೈಕಾಲಿನ ಮೇಲೆ ಸಿಲಿಕೋನ್ ಸುರಿದರೆ ಎರಡೂ ಬೆರೆಯುವುದಿಲ್ಲ. ಎಣ್ಣೆ-ನೀರಿನ ಹಾಗೆ ಬೇರೆ ಬೇರೆ ನಿಲ್ಲುತ್ತವೆ. ಇನ್ನು, ನೀರು ಹೀರುವುದಿಲ್ಲ ಅಂದಮಾತ್ರಕ್ಕೆ ನೀರು ಒಳಗೆ ಬರುವುದೇ ಇಲ್ಲ ಅಂತಲ್ಲ. ಹೇಗೋ ಸೇರಿದ ನೀರು ಕರಗದೆ ತಗ್ಗಿನ ಜಾಗದಲ್ಲಿ ಹನಿಯಾಗಿ ಕೂರುತ್ತದೆ. ಅಲ್ಲೇ ತುಕ್ಕು ಹಿಡಿಸುತ್ತದೆ, ಬಿಸಿಯಾದರೆ ನೂರು ಡಿಗ್ರಿಗೇ ಕುದಿಯುತ್ತದೆ. ಕಾದ ಬಾಣಲೆಯ ಒಗ್ಗರಣೆಗೆ ನೀರಿನ ಹನಿ ಬಿದ್ದರೆ ಏನಾಗುತ್ತದೆಂದು ನಿಮಗೆ ಹೇಳಬೇಕೇ? ಮೇಲಾಗಿ ಸಿಲಿಕೋನಿನಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಬೇಗ ಸೇರಿಕೊಳ್ಳುವುದರಿಂದ ಪೆಡಲ್ ಸ್ವಲ್ಪ ಮೆತ್ತಗೇ ಇರುತ್ತದೆ. ಸ್ಪೋರ್ಟ್ಸ್ ಕಾರನ್ನು ಜೋರಾಗಿ ಓಡಿಸುವವರು ಇದನ್ನು ಇಷ್ಟಪಡದಿರುವುದು ಅದಕ್ಕೇ. ಎಬಿಎಸ್ ಇರುವ ಈಗಿನ ಕಾರುಗಳಿಗಂತೂ ಸಿಲಿಕೋನ್ ಬೇಡವೇ ಬೇಡ.

ಗರ್ಲಿಂಗ್ ಮಾತು ಸುಳ್ಳಲ್ಲ

ಮಾವನವರ ಮಾತಿಗೂ ಬರೋಣ. ಗರ್ಲಿಂಗ್ ಎಂಬುದು ಇಂಗ್ಲೆಂಡಿನ ಬ್ರೇಕ್ ತಯಾರಕರ ಹೆಸರು. 1962ರಲ್ಲಿ ಮದರಾಸಿನಲ್ಲಿ ಬ್ರೇಕ್ಸ್ ಇಂಡಿಯಾ ಕಂಪನಿ ಶುರುವಾದ ಮೇಲೆ ನಮ್ಮ ಗ್ಯಾರೇಜುಗಳಲ್ಲೂ ಅದು ಮನೆಮಾತಾಯಿತು. ಆ ಕಾಲದ ಗರ್ಲಿಂಗ್ ಬ್ರೇಕುಗಳಲ್ಲಿ ಸೀಲುಗಳು ಸಹಜ ರಬ್ಬರಿನವು, ಮರದ ಹಾಲಿನಿಂದ ಮಾಡಿದ್ದು. ಸಿಕ್ಕಸಿಕ್ಕ ಆಯಿಲ್ ಹಾಕಿದರೆ ಅವು ಊದಿಕೊಳ್ಳುತ್ತಿದ್ದವು. ಅದಕ್ಕೇ ಪುಸ್ತಕದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಬರೆದದ್ದು. ಅಂದರೆ ಅವರ ಮಾತಿನ ತಿರುಳು ಇಷ್ಟು: ಆಯಿಲ್ ಆರಿಸುವ ಮೊದಲು ಒಳಗಿರುವ ರಬ್ಬರ್ ಯಾವುದು, ಹೇಗಿದೆ ಎಂದು ನೋಡು. ಎಷ್ಟು ನಿಜ ಅಲ್ವಾ?

ಭಾಯ್ ಚಕ್ರ ಬಿಚ್ಚಿ ತೋರಿಸಿದರು. ಒಳಗಿನ ಸೀಲುಗಳು ಒಣಗಿ ಕಲ್ಲಿನಂತಾಗಿದ್ದವು. ಒಂದು ಚಕ್ರದ ಸಿಲಿಂಡರಿನೊಳಗೆ ತುಕ್ಕಿನ ಹಳ್ಳ ಬಿದ್ದಿತ್ತು. "ಈ ಸೀಲ್ ಇಟ್ಕೊಂಡು ಚಿನ್ನದ ಆಯಿಲ್ ಹಾಕಿದ್ರೂ ಪ್ರಯೋಜನ ಇಲ್ಲ ಸಾರ್" ಅಂದರು. ಮಾವನವರು ಮರುಮಾತಾಡಲಿಲ್ಲ. ಸ್ಟ್ಯಾಂಡರ್ಡ್ ಕಂಪನಿ ಬಾಗಿಲು ಹಾಕಿ ದಶಕಗಳಾಗಿದ್ದರೂ ಹೆರಾಲ್ಡ್, ಸ್ಪಿಟ್‌ಫೈರ್‌ಗಳ ಸೀಲ್ ಕಿಟ್‌ಗಳು ಇಂಗ್ಲೆಂಡಿನಲ್ಲಿ ಈಗಲೂ ಸಿಗುತ್ತವೆ. ಅಳತೆ ಹೊಂದಿಸಿ ತರಿಸಿದೆವು. ರಬ್ಬರ್ ಪೈಪುಗಳೂ ಹೊಸದಾದವು. ತಾಪತ್ರಯವಿಲ್ಲದೆ ಆಗಲಿಲ್ಲ ಬಿಡಿ. ಅದಕ್ಕೆಂದು ತೆಗೆದಿಟ್ಟ ಹಣ ನನ್ನ ಹೊಸ ವಾಷಿಂಗ್ ಮೆಷಿನ್ನಿನದಾಗಿತ್ತು!

ಕೊನೆಗೆ ನಾವು ಆರಿಸಿದ್ದು ಡಾಟ್ 4. ಪೇಟೆಯಲ್ಲಿ ಬರೀ ಓಡಾಡುವ ಡ್ರಮ್ ಬ್ರೇಕಿನ ಕಾರಿಗೆ ಡಾಟ್ 3 ಸಾಕು. ಆದರೆ ನಮ್ಮದು ವರ್ಷಕ್ಕೆ ನಾಲ್ಕಾರು ಸಲ ಬೆಟ್ಟ ಹತ್ತಿಳಿಯುವ ಕಾರು. ಕುದಿಯುವ ಮಿತಿ ಸ್ವಲ್ಪ ಮೇಲಿರಲಿ ಅನ್ನಿಸಿತು. ಸೀಲುಗಳೂ ಹೊಸದಿದ್ದವು. ಎಲ್ಲಾ ಅಂಗಡಿಯಲ್ಲೂ ಸಿಗುವ ಸಾಮಾನು ಎಂಬುದೂ ಮುಖ್ಯ. ದಾರಿಯಲ್ಲಿ ಕಡಿಮೆಯಾದರೆ ಹುಣಸೂರಿನಲ್ಲೂ ಸಿಗುತ್ತದೆ, ಸಿಲಿಕೋನ್ ಎಲ್ಲಿ ಹುಡುಕುವುದು? ಇನ್ನು ಬೆಲೆಯೋ, ನಾಲ್ಕು ಜನ ಮಾಲ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿನ್ನುವ ದುಡ್ಡಿಗಿಂತ ಎಷ್ಟೋ ಕಡಿಮೆ. ಅಷ್ಟಕ್ಕೆ ಎಂಟು ವರ್ಷ ಹಿಂದೆಮುಂದೆ ನೋಡಿದ್ದೆವಲ್ಲಾ ಅಂತ ನಾಚಿಕೆಯಾಯಿತು.

ಆಯಿಲ್ ಬದಲಿಸುವ ದಿನ ನನಗೂ ಕೆಲಸ

ಹಳೇ ಆಯಿಲ್ ಪೂರ್ತಿ ತೆಗೆದು, ಹೊಸದನ್ನು ತುಂಬಿ, ಒಳಗಿನ ಗಾಳಿ ಹೊರಡಿಸುವುದಕ್ಕೆ ಬ್ಲೀಡಿಂಗ್ ಅನ್ನುತ್ತಾರೆ. ಇದಕ್ಕೆ ಇಬ್ಬರು ಬೇಕು. ನಮ್ಮವರು ಆಫೀಸಿಗೆ ಹೋಗಿದ್ದರಿಂದ ಪೆಡಲ್ ಒತ್ತುವ ಭಾಗ್ಯ ನನ್ನದಾಯಿತು. ಭಾಯ್ ಮೊದಲು ಮಾಸ್ಟರ್ ಸಿಲಿಂಡರಿಗೆ ತೀರಾ ದೂರದ ಹಿಂದಿನ ಚಕ್ರದ ಬಳಿ ಕೂತರು. ಚಕ್ರದ ಪುಟ್ಟ ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇದ್ದ ಬಾಟಲಿಯಲ್ಲಿ ಮುಳುಗಿಸಿದರು. "ಒತ್ತಿ ಮೇಡಂ... ಹಿಡ್ಕೊಳ್ಳಿ... ಈಗ ಬಿಡಿ". ಅವರು ನಿಪ್ಪಲ್ ಬಿಗಿಮಾಡುವ ಮೊದಲೇ ನಾನು ಕಾಲೆತ್ತಿದರೆ ಗಾಳಿ ಮತ್ತೆ ಒಳಕ್ಕೆ! ಮೊದಲು ಡಿಕಾಕ್ಷನ್ ಬಂತು, ಆಮೇಲೆ ಗುಳ್ಳೆ, ಕೊನೆಗೆ ತಿಳಿಜೇನು. ಮೇಲಿನ ಡಬ್ಬಿ ಬರಿದಾಗದಂತೆ ತುಂಬುತ್ತಿರುವ ಜವಾಬ್ದಾರಿ ಮಾವನವರದು. ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ನನ್ನ ಮೀನಖಂಡ ಹಿಡಿದುಕೊಂಡಿತ್ತು. ಆದರೆ ಕೊನೆಯಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿ ನಿಂತಾಗ ಆದ ಸಂತೋಷ, ಒಬ್ಬಟ್ಟು ಹರಿಯದೆ ಎದ್ದಾಗ ಆಗುತ್ತದಲ್ಲ, ಅಂಥದ್ದು.

ಹೆರಾಲ್ಡಿನಲ್ಲಿ ಕ್ಲಚ್ ಕೂಡ ಇದೇ ಬಗೆಯ ದ್ರವದಿಂದ ನಡೆಯುವುದರಿಂದ ಅದರದನ್ನೂ ಬದಲಿಸಿದೆವು. ನಿಮ್ಮ ಹಳೇ ಕಾರಿನಲ್ಲೂ ಹಾಗಿದೆಯೇ, ಮೆಕ್ಯಾನಿಕ್ಕಿಗೆ ಕೇಳಿ ನೋಡಿ.

ನಿಮ್ಮ ಮನೆಯ ವಾಹನಕ್ಕೆ ಈ ಮಾತುಗಳು ನೆನಪಿರಲಿ

* ಯಾವ ದರ್ಜೆಯ ಆಯಿಲ್ ಎಂಬುದು ಕಾರಿನ ಪುಸ್ತಕದಲ್ಲಿ ಅಥವಾ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಿಸ್ಕ್ ಬ್ರೇಕ್ ಇರುವ ಸ್ಕೂಟರಿನಲ್ಲಿ ಹ್ಯಾಂಡಲ್ ಹತ್ತಿರದ ಪುಟ್ಟ ಡಬ್ಬಿಯ ಮೇಲೆ ನೋಡಿ. ಅಂಗಡಿಯವರು ಕೊಟ್ಟಿದ್ದನ್ನು ಓದದೆ ತರಬೇಡಿ.

* ಎರಡು ವರ್ಷಕ್ಕೊಮ್ಮೆ ಬದಲಿಸಿ. ಕಡಿಮೆಯಾಗಿದ್ದಕ್ಕೆ ಮೇಲಿಂದ ತುಂಬಿಸುವುದು ಬದಲಿಸಿದಂತಲ್ಲ, ಹಳಸಿದ ಸಾರಿಗೆ ಹೊಸ ಸಾರು ಸೇರಿಸಿದಂತೆ!

* ಡಬ್ಬಿಯಲ್ಲಿ ಆಯಿಲ್ ಇಳಿಯುತ್ತಿದ್ದರೆ ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡಕ್ಕೂ ಮೆಕ್ಯಾನಿಕ್ ಬೇಕು.

* ಸೀಲ್ ಇರುವ ಸಣ್ಣ ಬಾಟಲಿಯನ್ನೇ ಕೊಳ್ಳಿ. ತೆರೆದು ಮಿಕ್ಕಿದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡುವ ನಮ್ಮ ಮಿತವ್ಯಯ ಇಲ್ಲಿ ಬೇಡ, ಅದು ಕಪಾಟಿನಲ್ಲೇ ತೇವ ಹೀರಿರುತ್ತದೆ.

* ಪೇಂಟಿನ ಮೇಲೆ ಬಿದ್ದರೆ ಬಟ್ಟೆಯಿಂದ ಉಜ್ಜಬೇಡಿ. ತಕ್ಷಣ ಧಾರಾಳವಾಗಿ ನೀರು ಸುರಿಯಿರಿ.

* ಇದು ವಿಷ. ಮಕ್ಕಳ ಕೈಗೆ ಸಿಗದಂತೆ ಇಡಿ. ಜ್ಯೂಸ್, ಕೂಲ್ ಡ್ರಿಂಕ್ಸ್ ಬಾಟಲಿಗೆ ಯಾವತ್ತೂ ತುಂಬಿಸಬೇಡಿ. ಹಳೇ ಆಯಿಲನ್ನು ಬಚ್ಚಲಿಗೋ ಗಿಡದ ಬುಡಕ್ಕೋ ಸುರಿಯದೆ ಗ್ಯಾರೇಜಿಗೇ ಕೊಡಿ.

* ಪೆಡಲ್ ಮೆತ್ತಗಾಯಿತು, ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ ಅನ್ನಿಸಿದರೆ "ಸಂಜೆ ನೋಡೋಣ" ಅನ್ನಬೇಡಿ. ಗಾಡಿ ನಿಲ್ಲಿಸಿ.

ಈಗ ನಮ್ಮ ಮನೆಯಲ್ಲಿ ಒಂದು ನೇಮ ಮಾಡಿಕೊಂಡಿದ್ದೇವೆ. ಒಂದು ವರ್ಷ ಬಿಟ್ಟು ಒಂದು ವರ್ಷ, ನವರಾತ್ರಿಗೆ ಮುಂಚೆ ಬ್ರೇಕ್ ಆಯಿಲ್ ಬದಲಿಸಬೇಕು. ಆಮೇಲೆಯೇ ಆಯುಧಪೂಜೆ. ಎಂಟು ವರ್ಷವೂ ನಾವು ಆ ಕಾರಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟಿದ್ದೆವು. ಒಳಗಿನ ಡಬ್ಬಿಯ ಮುಚ್ಚಳ ಮಾತ್ರ ತೆಗೆದು ನೋಡಿರಲಿಲ್ಲ. ಆ ದಿನ ಕಾಪಾಡಿದ್ದು ಚಾಮುಂಡಿಯೇ ಅಂತ ಅತ್ತೆ ಹೇಳುತ್ತಾರೆ. ಇರಬಹುದು. ಆದರೆ ಪ್ರತಿ ಸಲವೂ ಅವಳಿಗೇ ತೊಂದರೆ ಕೊಡುವುದು ಸರಿಯೇ?

ಮೊನ್ನೆ ಮತ್ತೆ ಬೆಟ್ಟಕ್ಕೆ ಹೋಗಿ ಬಂದೆವು. ಅದಕ್ಕೆ ಮೊದಲು ಒಂದು ವಾರ ನಮ್ಮ ಬೀದಿಯಲ್ಲೇ ಓಡಿಸಿ, ದಿನಾ ಡಬ್ಬಿಯ ಮಟ್ಟ ನೋಡಿ, ಎಲ್ಲೂ ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದೆವು. ಇಳಿಯುವಾಗ ನಮ್ಮವರು ಸೆಕೆಂಡ್ ಗೇರಿನಲ್ಲಿ ನಿಧಾನಕ್ಕೆ ಇಳಿಸಿದರು. ನಂದಿಯ ದಾರಿ ಬಂದಾಗ ಯಾರೂ ಮಾತಾಡಲಿಲ್ಲ, ಎಲ್ಲರ ಕಣ್ಣೂ ಅವರ ಕಾಲಿನ ಮೇಲೆ. ಪೆಡಲ್ ಗಟ್ಟಿಯಾಗಿತ್ತು. ಮನೆಗೆ ಬಂದವರೇ ಮಾವನವರು ಶೆಡ್ಡಿನ ಗೋಡೆಯ ಮೇಲೆ, ಹಾಲಿನ ಲೆಕ್ಕ ಬರೆಯುವ ಹಾಗೆ, ಬ್ರೇಕ್ ಆಯಿಲ್ ಹಾಕಿದ ತಾರೀಖು ಬರೆದು ಕೆಳಗೊಂದು ಗೆರೆ ಎಳೆದರು. "ಮುಂದಿನ ಸಲ ನಾನು ಮರೆತರೂ ನೀನು ಮರೀಬೇಡ ಕಣಮ್ಮಾ" ಅಂದರು.

ನಿಮ್ಮ ಕಾರಿನ, ನಿಮ್ಮ ಸ್ಕೂಟರಿನ ಆಯಿಲ್ ಬದಲಿಸಿ ಎಷ್ಟು ದಿನವಾಯಿತು? ಈ ಪುಟ ಮಡಿಸಿಡುವ ಮೊದಲು ಒಮ್ಮೆ ಮನೆಯವರನ್ನು ಕೇಳಿ ನೋಡಿ. ಅವರೂ ಕನ್ನಡಕ ಒರೆಸಿಕೊಳ್ಳತೊಡಗಿದರೆ, ನಾಳೆಯೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿಸಿ!